ಸುರುಳಿಯಿಲ್ಲ, ಆಯಸ್ಕಾಂತವಿಲ್ಲ, ಆದರೂ ತಿರುಗುವ ಮೋಟಾರು

ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಮೊದಲು ಕೇಳಿಬರುವ ಮಾತು ‘ವೈಂಡಿಂಗ್ ಹೋಗಿದೆ’ ಎಂಬುದು. ಮೋಟಾರು ಎಂದರೆ ತಾಮ್ರದ ತಂತಿಯ ಸುರುಳಿ, ಅದರ ಸುತ್ತ ಹುಟ್ಟುವ ಕಾಂತಬಲ ಎಂಬ ತಿಳಿವಳಿಕೆ ಜನರಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದೆ. ಆದರೆ ವಿದ್ಯುತ್ತಿನ ಬಲದಿಂದ ತಿರುಗಿದ ಮೊಟ್ಟಮೊದಲ ಯಂತ್ರಗಳಲ್ಲಿ ಸುರುಳಿಯೂ ಇರಲಿಲ್ಲ, ಆಯಸ್ಕಾಂತವೂ ಇರಲಿಲ್ಲ. ಮೈಕೆಲ್ ಫ್ಯಾರಡೆ ಕಾಂತಬಲದಿಂದ ತಂತಿಯೊಂದನ್ನು ಸುತ್ತಿಸಿದ್ದು 1821ರಲ್ಲಿ. ಅದಕ್ಕೂ ಎಪ್ಪತ್ತು ವರ್ಷಗಳಿಗಿಂತ ಹಿಂದೆಯೇ ಯೂರೋಪಿನಲ್ಲೂ ಅಮೆರಿಕದಲ್ಲೂ ಬರಿಯ ಸ್ಥಾಯಿ ವಿದ್ಯುತ್ತಿನಿಂದ ಚಕ್ರಗಳು ತಿರುಗಿದ್ದವು. ಸ್ವೆಟರ್ ಕಳಚುವಾಗ ಚಟಚಟ ಎನ್ನುವ, ಬಾಚಣಿಗೆಗೆ ಕಾಗದದ ಚೂರು ಅಂಟಿಸುವ ಅದೇ ವಿದ್ಯುತ್ತು.

ಆ ಜಾತಿಯ ಮೋಟಾರನ್ನು ಇವತ್ತು ಖಾಲಿ ಮೊಸರಿನ ಕಪ್ಪು, ಎರಡು ಬಾಟಲಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಒಂದು ಪಿವಿಸಿ ಪೈಪು, ಒಂದು ತುಂಡು ಉಣ್ಣೆ ಬಟ್ಟೆ ಇದ್ದರೆ ಒಂದು ಮಧ್ಯಾಹ್ನದಲ್ಲಿ ಕಟ್ಟಬಹುದು. ಬ್ಯಾಟರಿ ಬೇಡ, ಗೋಡೆಯ ಪ್ಲಗ್ಗಂತೂ ಬೇಡವೇ ಬೇಡ. ಬೇಕಾದದ್ದು ತಾಳ್ಮೆ ಮತ್ತು ಒಣಹವೆ.

ಕಟ್ಟುವ ಮೊದಲು ಇದರ ಪೂರ್ವಜರ ಪರಿಚಯ ಆಗಬೇಕು, ಏಕೆಂದರೆ ಕಪ್ಪಿನ ಮೋಟಾರಿನ ಪ್ರತಿ ಭಾಗವೂ ಅವರಿಂದಲೇ ಬಂದದ್ದು. ಆಂಡ್ರ್ಯೂ ಗಾರ್ಡನ್ ಸ್ಕಾಟ್ಲೆಂಡ್ ಮೂಲದ ಬೆನೆಡಿಕ್ಟೈನ್ ಸನ್ಯಾಸಿ. ಜರ್ಮನಿಯ ಎರ್ಫುರ್ಟ್‌ನಲ್ಲಿ ಪ್ರಾಧ್ಯಾಪಕ. 1740ರ ದಶಕದಲ್ಲಿ ಆತ ಎರಡು ಸಾಧನಗಳನ್ನು ಮಾಡಿದ. ಒಂದರಲ್ಲಿ ಎರಡು ಗಂಟೆಗಳ ನಡುವೆ ರೇಷ್ಮೆ ದಾರದಲ್ಲಿ ಲೋಹದ ಗುಂಡು ತೂಗುತ್ತಿತ್ತು. ಅದು ಒಂದು ಗಂಟೆಯನ್ನು ಮುಟ್ಟಿ ಅದರ ಆವೇಶ ಪಡೆದು, ಅಲ್ಲಿಂದ ತಳ್ಳಿಸಿಕೊಂಡು ಇನ್ನೊಂದಕ್ಕೆ ಬಡಿದು, ಆವೇಶ ಕೊಟ್ಟು ಮರಳುತ್ತಿತ್ತು. ಇನ್ನೊಂದು, ಮೊನೆಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿದ ಲೋಹದ ನಕ್ಷತ್ರ. ಆವೇಶ ಕೊಟ್ಟಾಗ ಮೊನೆಗಳಿಂದ ವಿದ್ಯುದಾವಿಷ್ಟ ಗಾಳಿ ಹೊಮ್ಮಿ, ನಕ್ಷತ್ರ ಹಿಮ್ಮುಖವಾಗಿ ಗಿರಗಿರನೆ ಸುತ್ತುತ್ತಿತ್ತು.

ಕೆಲವೇ ವರ್ಷಗಳ ನಂತರ, 1748ರ ಹೊತ್ತಿಗೆ, ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗಂಟೆಯ ಈ ಓಲಾಟವನ್ನು ವೃತ್ತಕ್ಕೆ ತಿರುಗಿಸಿದ. ನಿಂತ ಅಚ್ಚಿನ ಮೇಲೆ ಮರದ ಬಿಲ್ಲೆ. ಅದರ ಸುತ್ತ ಕಿರಣಗಳಂತೆ ಚಾಚಿದ 30 ಗಾಜಿನ ಪಟ್ಟಿಗಳು. ಪ್ರತಿ ಪಟ್ಟಿಯ ತುದಿಯಲ್ಲಿ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಅಂಗುಷ್ಟಾನ. ಚಕ್ರದ ಎರಡು ಕಡೆ ವಿರುದ್ಧ ಆವೇಶದ ಎರಡು ಲೇಡನ್ ಜಾಡಿಗಳನ್ನು (ಆವೇಶ ಕೂಡಿಡುವ ಗಾಜಿನ ಜಾಡಿಗಳನ್ನು) ಇಟ್ಟರೆ ಚಕ್ರ ನಿಮಿಷಕ್ಕೆ 12ರಿಂದ 15 ಸುತ್ತು ಹಾಕುತ್ತಿತ್ತು. ಅಚ್ಚಿಗೆ ಒಂದು ದೊಡ್ಡ ಕೋಳಿಯನ್ನು ಚುಚ್ಚಿ ಬೆಂಕಿಯ ಮುಂದೆ ಹದವಾಗಿ ಸುಡಲು ಈ ವೇಗ ಸರಿಹೋಗುತ್ತದೆ ಎಂದು ಆತ ಲಂಡನ್ನಿನ ಗೆಳೆಯ ಪೀಟರ್ ಕಾಲಿನ್ಸನ್‌ಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಮನೆಯಲ್ಲಿ ಕಟ್ಟುವ ಮೋಟಾರಿನಲ್ಲಿ ಅಂಗುಷ್ಟಾನಗಳ ಜಾಗಕ್ಕೆ ಫಾಯಿಲ್ ಪಟ್ಟಿಗಳು, ಲೇಡನ್ ಜಾಡಿಗಳ ಜಾಗಕ್ಕೆ ಫಾಯಿಲ್ ಸುತ್ತಿದ ಬಾಟಲಿಗಳು ಬರುತ್ತವೆ. ಉಳಿದದ್ದೆಲ್ಲ ಫ್ರಾಂಕ್ಲಿನ್‌ನದೇ.

ಇದು ತಿರುಗುವ ಬಗೆ ಹೀಗೆ. ಎಡಗಡೆಯ ಬಾಟಲಿಗೆ ಋಣ ಆವೇಶ ಸಿಕ್ಕಿದೆ, ಬಲಗಡೆಯ ಬಾಟಲಿ ನೆಲಕ್ಕೆ ಜೋಡಿಸಿದೆ ಎಂದುಕೊಳ್ಳೋಣ. ಎಡ ಬಾಟಲಿಯಿಂದ ಚಾಚಿದ ಮೊನಚು ಫಾಯಿಲ್ ತನ್ನ ತುದಿಗೆ ಬಂದ ಪಟ್ಟಿಗೆ ಆವೇಶವನ್ನು ಹಾರಿಸುತ್ತದೆ. ಈಗ ಬಾಟಲಿಗೂ ಪಟ್ಟಿಗೂ ಒಂದೇ ಬಗೆಯ ಆವೇಶ, ಹಾಗಾಗಿ ಬಾಟಲಿ ಆ ಪಟ್ಟಿಯನ್ನು ದೂರ ತಳ್ಳುತ್ತದೆ. ಕಪ್ಪು ಅರ್ಧ ಸುತ್ತು ಬರುವಷ್ಟರಲ್ಲಿ ಬಲ ಬಾಟಲಿ ಅದೇ ಪಟ್ಟಿಯನ್ನು ತನ್ನತ್ತ ಸೆಳೆಯುತ್ತದೆ. ಅಲ್ಲಿನ ಮೊನೆಯ ಎದುರಿಗೆ ಬಂದಾಗ ಪಟ್ಟಿ ಹೊತ್ತು ತಂದ ಆವೇಶ ಖಾಲಿಯಾಗಿ, ಪ್ರೇರಣೆಯಿಂದ ವಿರುದ್ಧ ಆವೇಶ ತುಂಬಿಕೊಳ್ಳುತ್ತದೆ. ಮತ್ತೆ ತಳ್ಳು, ಮತ್ತೆ ಸೆಳೆತ. ಹಿಂದೆಯೇ ಬರುವ ಪ್ರತಿ ಪಟ್ಟಿಯದೂ ಇದೇ ಕಥೆ. ಆವೇಶದ ಹನಿಗಳು ಒಂದು ಬಾಟಲಿಯಿಂದ ಇನ್ನೊಂದಕ್ಕೆ ಕಪ್ಪಿನ ಬೆನ್ನೇರಿ ಸಾಗುತ್ತವೆ, ಸಾಗಾಣಿಕೆಯ ಬಲವೇ ಕಪ್ಪನ್ನು ಸುತ್ತಿಸುತ್ತದೆ.

ರೋಟರ್, ಅಂದರೆ ತಿರುಗುವ ಭಾಗವಾದ ಕಪ್ಪಿನಿಂದ ಕೆಲಸ ಶುರು. ಹಗುರವಾದ, ತಳ ಚಪ್ಪಟೆಯಾದ, ಗೋಡೆಗಳು ಆದಷ್ಟು ನೇರವಾಗಿರುವ ಮೊಸರಿನ ಅಥವಾ ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಪ್ಪು ಒಳ್ಳೆಯದು. ಸೋಪಿನ ನೀರಿನಲ್ಲಿ ಜಿಡ್ಡು ಪೂರ್ತಿ ಹೋಗುವಂತೆ ತೊಳೆದು ಬಿಸಿಲಿಗೆ ಒಣಗಿಸಬೇಕು. ಆಮೇಲೆ ಅದರ ಹೊರಮೈಗೆ ಒಂದು ದಾರ ಸುತ್ತಿ ಸುತ್ತಳತೆ ತೆಗೆಯಬೇಕು. ಎಂಟು ಪಟ್ಟಿಗಳಿಗೆ ಹಂಚಿ, ಪ್ರತಿ ಪಾಲಿನಲ್ಲಿ ಮೂರನೆಯ ಎರಡರಷ್ಟು ಫಾಯಿಲ್‌ಗೆ, ಮೂರನೆಯ ಒಂದರಷ್ಟು ಖಾಲಿ ಜಾಗಕ್ಕೆ. ಸುತ್ತಳತೆ 22 ಸೆಂ.ಮೀ. ಇದ್ದರೆ ಪಟ್ಟಿಯ ಅಗಲ ಸುಮಾರು 1.8 ಸೆಂ.ಮೀ., ನಡುವಿನ ಅಂತರ 0.9 ಸೆಂ.ಮೀ. ಪಟ್ಟಿಗಳ ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿ, ತೆಳುವಾಗಿ ಅಂಟು ಸವರಿ, ಸುಕ್ಕಿಲ್ಲದಂತೆ ಉದ್ದಕ್ಕೆ ಅಂಟಿಸಬೇಕು. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಅರ್ಧ ಸೆಂ.ಮೀ. ಪ್ಲಾಸ್ಟಿಕ್ ಬರಿದಾಗಿ ಉಳಿಯಲಿ. ಯಾವ ಪಟ್ಟಿಯೂ ಪಕ್ಕದ ಪಟ್ಟಿಯನ್ನು ಮುಟ್ಟಬಾರದು. ಮುಟ್ಟಿದರೆ ಆವೇಶ ಸವಾರಿಗೆ ಕಾಯದೆ ನೇರವಾಗಿ ದಾಟಿಬಿಡುತ್ತದೆ.

ಬೇರಿಂಗಿಗೆ ರವಿಕೆಗೆ ಹೊಲಿಯುವ ಲೋಹದ ಟಿಚ್ ಬಟನ್ ಸಾಕು. ಅದರ ಉಬ್ಬಿರುವ ಅರ್ಧದ ಹಿಂಬದಿಯಲ್ಲಿ ನುಣುಪಾದ ಒಂದು ಕುಳಿ ಇರುತ್ತದೆ. ಕಪ್ಪಿನ ತಳದ ನಡುಮಧ್ಯವನ್ನು ಗುರುತಿಸಿ, ಉಬ್ಬು ಹಿಡಿಸುವಷ್ಟೇ ತೂತು ಮಾಡಿ, ಒಳಗಿನಿಂದ ಬಟನ್ ತೂರಿಸಿ ಅಂಟಿಸಬೇಕು. ಕಪ್ಪನ್ನು ಬೋರಲು ಹಾಕಿದಾಗ ಕುಳಿ ಕೆಳಮುಖವಾಗಿರುತ್ತದೆ. ಒಂದು ಬಿದಿರು ಕಡ್ಡಿಯ ತುದಿಗೆ ಗುಂಡುಸೂಜಿಯನ್ನು ಮೊನೆ ಮೇಲಾಗಿ ಕಟ್ಟಿ, ಕಡ್ಡಿಯನ್ನು ಜೇಡಿಮಣ್ಣಿನ ಮುದ್ದೆಯಲ್ಲಿ ನೆಟ್ಟಗೆ ನಿಲ್ಲಿಸಿ, ಕಪ್ಪನ್ನು ಆ ಮೊನೆಯ ಮೇಲೆ ಕೂರಿಸಬೇಕು. ಕಡ್ಡಿಯ ಎತ್ತರ ಕಪ್ಪಿಗಿಂತ ಎರಡು ಸೆಂ.ಮೀ. ಹೆಚ್ಚಿರಲಿ. ಭಾರವೆಲ್ಲ ಮೊನೆಗಿಂತ ಕೆಳಗೆ ಇರುವುದರಿಂದ ಕಪ್ಪು ಉರುಳುವುದಿಲ್ಲ, ತಾನಾಗಿಯೇ ಸಮತೋಲಕ್ಕೆ ಬರುತ್ತದೆ. ಮೆಲ್ಲಗೆ ಊದಿದರೆ ಹಲವು ಸುತ್ತು ಹಾಕಿ ಸಾವಕಾಶವಾಗಿ ನಿಲ್ಲಬೇಕು. ಒಂದೇ ಕಡೆ ಬಂದು ನಿಲ್ಲುತ್ತಿದ್ದರೆ ಆ ಬದಿ ಭಾರವಾಗಿದೆ ಎಂದರ್ಥ, ಎದುರು ಬದಿಯ ಒಳಗೆ ಚೂರು ಟೇಪು ಅಂಟಿಸಿ ಸರಿಮಾಡಬಹುದು. ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಮೋಟಾರಿಗೆ ದೊರೆಯುವ ಬಲ ಅತಿ ಕಡಿಮೆ, ಅದನ್ನು ಘರ್ಷಣೆಗೆ ಬಿಟ್ಟುಕೊಟ್ಟರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥ.

ಇನ್ನು ಸ್ಟೇಟರ್‌ಗಳು, ಅಂದರೆ ತಿರುಗದೆ ನಿಲ್ಲುವ ಭಾಗಗಳು. ನಯವಾದ ಮೈಯ ಎರಡು ಪ್ಲಾಸ್ಟಿಕ್ ಅಥವಾ ಗಾಜಿನ ಬಾಟಲಿಗಳಿಗೆ ನಡುಭಾಗದಲ್ಲಿ ಫಾಯಿಲ್ ಸುತ್ತಬೇಕು. ಕೆಳಗಿನ ನಾಲ್ಕೈದು ಸೆಂ.ಮೀ. ಬರಿದಾಗಿಯೇ ಇರಲಿ, ಇಲ್ಲವಾದರೆ ಆವೇಶ ಮೇಜಿಗೆ ಇಳಿಯುತ್ತದೆ. ಫಾಯಿಲ್ ಅಂಚುಗಳನ್ನು ಒಳಕ್ಕೆ ಮಡಿಸಿ ಒತ್ತಬೇಕು. ಪ್ರತಿ ಬಾಟಲಿಗೆ ಎರಡು ಬೆರಳಗಲದ ಒಂದು ಫಾಯಿಲ್ ಪಟ್ಟಿ ಅಂಟಿಸಿ, ಅದರ ತುದಿಯನ್ನು ಕತ್ತರಿಯಿಂದ ಗರಗಸದ ಹಲ್ಲುಗಳಂತೆ ಮೊನಚು ಮಾಡಬೇಕು. ಇದೇ ಮೋಟಾರಿನ ಕುಂಚ.

ಕುಂಚ ನೇರವಾಗಿ ಕಪ್ಪಿನ ನಡುವಿಗೆ ಚುಚ್ಚುವಂತೆ ಇರಬಾರದು, ಓರೆಯಾಗಿ ಕಪ್ಪಿನ ಮೈಯನ್ನು ಸವರಿಕೊಂಡು ಹೋಗುವಂತೆ ಇರಬೇಕು. ಬಾಟಲಿಯ ಮೈಗೂ ಕಪ್ಪಿಗೂ ಸುಮಾರು ಒಂದು ಸೆಂ.ಮೀ. ಅಂತರ, ಹಲ್ಲುಗಳ ತುದಿಗೂ ಪಟ್ಟಿಗೂ 2ರಿಂದ 3 ಮಿ.ಮೀ. ಅಂತರ ಇರಲಿ. ಮೇಲಿನಿಂದ ನೋಡಿದಾಗ ಎಡ ಬಾಟಲಿಯ ಕುಂಚ ನೋಡುವವರಿಂದ ಆಚೆಗೆ, ಬಲ ಬಾಟಲಿಯ ಕುಂಚ ನೋಡುವವರ ಕಡೆಗೆ ಚಾಚಿದ್ದರೆ ಕಪ್ಪು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಎರಡೂ ಒಂದೇ ಕಡೆಗೆ ಚಾಚಿದ್ದರೆ ಒಂದರ ತಳ್ಳು ಇನ್ನೊಂದರ ತಳ್ಳನ್ನು ತಿಂದುಹಾಕಿ ಕಪ್ಪು ನಡುಗುತ್ತ ನಿಂತುಬಿಡುತ್ತದೆ. ಬಹಳ ಮೋಟಾರುಗಳು ಎಡವುವುದು ಇಲ್ಲೇ.

ವಿದ್ಯುತ್ತು ತರುವ ಸುಲಭ ದಾರಿ ಪಿವಿಸಿ ಪೈಪು. ಮುಕ್ಕಾಲು ಇಂಚಿನ, ಒಂದು ಮೊಳ ಉದ್ದದ ಪೈಪನ್ನು ಉಣ್ಣೆ ಬಟ್ಟೆಯಿಂದ ಚುರುಕಾಗಿ ಉಜ್ಜಿದರೆ ಉಣ್ಣೆಯಿಂದ ಎಲೆಕ್ಟ್ರಾನ್‌ಗಳು ಪೈಪಿಗೆ ಬಂದು ಪೈಪು ಋಣ ಆವೇಶ ಪಡೆಯುತ್ತದೆ. ಎಣ್ಣೆ ಹಚ್ಚದ ಒಣಗೂದಲೂ ಆದೀತು. ಎಡ ಬಾಟಲಿಯ ಹಿಂಬದಿಯಲ್ಲಿ ಇನ್ನೊಂದು ಹಲ್ಲಿನ ಫಾಯಿಲ್ ಪಟ್ಟಿ ಹೊರಚಾಚುವಂತೆ ಅಂಟಿಸಿ, ಉಜ್ಜಿದ ಪೈಪನ್ನು ಅದರ ತುದಿಗೆ ಹತ್ತಿರವಾಗಿ ಉದ್ದಕ್ಕೆ ಎಳೆಯಬೇಕು. ಸಣ್ಣಗೆ ಚಿಟಿಚಿಟಿ ಸದ್ದು ಕೇಳುತ್ತದೆ, ಪೈಪಿನ ಮೈಮೇಲಿನ ಆವೇಶ ಬಾಟಲಿಗೆ ಇಳಿಯುತ್ತಿದೆ ಎಂದರ್ಥ. ಪೈಪು ವಿದ್ಯುತ್ ನಿರೋಧಕವಾದ್ದರಿಂದ ಒಂದೇ ಜಾಗ ತಗುಲಿಸಿದರೆ ಸಾಲದು, ಉದ್ದವೆಲ್ಲ ಹಲ್ಲುಗಳ ಮುಂದೆ ಹಾದುಹೋಗಬೇಕು. ಇದೇ ಹೊತ್ತಿಗೆ ಇನ್ನೊಬ್ಬರು ಬಲ ಬಾಟಲಿಯ ಫಾಯಿಲನ್ನು ಬೆರಳಿನಿಂದ ಮುಟ್ಟಿಕೊಂಡಿರಬೇಕು. ಈ ಕೆಲಸಕ್ಕೆ ಮನುಷ್ಯನ ಮೈಯೇ ಒಳ್ಳೆಯ ಅರ್ತಿಂಗ್. ಒಬ್ಬರು ಉಜ್ಜುತ್ತ, ಒಬ್ಬರು ಮುಟ್ಟುತ್ತ ಕೂತರೆ ಕಪ್ಪು ಮೊದಲು ಹಿಂದೆಮುಂದೆ ತುಯ್ದಾಡಿ, ಆಮೇಲೆ ಒಂದು ದಿಕ್ಕು ಹಿಡಿಯುತ್ತದೆ. ಹಿಡಿಯದಿದ್ದರೆ ಬೆರಳಿನಿಂದ ಒಂದು ಸಣ್ಣ ತಳ್ಳು ಕೊಡಬಹುದು.

ಪೈಪಿಗಿಂತ ಸೊಗಸಾದ ಇನ್ನೊಂದು ಉಪಾಯ ಅಲೆಸ್ಸಾಂಡ್ರೊ ವೋಲ್ಟಾ 1775ರಲ್ಲಿ ಪ್ರಚಾರಕ್ಕೆ ತಂದ ಎಲೆಕ್ಟ್ರೋಫೋರಸ್. ಒಂದು ಥರ್ಮಾಕೋಲ್ ಹಲಗೆಯನ್ನು ಉಣ್ಣೆಯಿಂದ ಚೆನ್ನಾಗಿ ಉಜ್ಜಿ, ಅದರ ಮೇಲೆ ಅಂಚು ಮಡಿಸಿದ ಸ್ಟೀಲ್ ತಟ್ಟೆ ಇಡಬೇಕು. ತಟ್ಟೆಯ ನಡುವೆ ಒಣಗಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿಕೆಯಾಗಿ ಅಂಟಿಸಿರಬೇಕು. ತಟ್ಟೆ ಹಲಗೆಯ ಮೇಲಿರುವಾಗ ಬೆರಳಿನಿಂದ ಒಮ್ಮೆ ಮುಟ್ಟಿ, ಬೆರಳು ತೆಗೆದು, ಹಿಡಿಕೆ ಹಿಡಿದು ಎತ್ತಿದರೆ ತಟ್ಟೆಯಲ್ಲಿ ಧನ ಆವೇಶ ಉಳಿದಿರುತ್ತದೆ. ಅದನ್ನು ಎಡ ಬಾಟಲಿಗೆ ತಗುಲಿಸಿ, ಮತ್ತೆ ಹಲಗೆಯ ಮೇಲಿಟ್ಟು, ಮತ್ತೆ ಮುಟ್ಟಿ ಎತ್ತಬಹುದು. ಹಲಗೆಯನ್ನು ಪ್ರತಿ ಸಲವೂ ಉಜ್ಜಬೇಕಿಲ್ಲ. ಹಲಗೆಯ ಆವೇಶ ಖರ್ಚಾಗುವುದೇ ಇಲ್ಲ. ಹಲಗೆಯ ಸೆಳೆತಕ್ಕೆ ಎದುರಾಗಿ ತಟ್ಟೆಯನ್ನು ಮೇಲೆತ್ತುವ ಕೈಯ ಶ್ರಮವೇ ವಿದ್ಯುತ್ ಶಕ್ತಿಯಾಗಿ ಬದಲಾಗುತ್ತದೆ. ಶಕ್ತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇಷ್ಟು ನಿಚ್ಚಳವಾಗಿ ಉತ್ತರ ತೋರಿಸುವ ಉಪಕರಣ ಶಾಲೆಯ ಪ್ರಯೋಗಾಲಯದಲ್ಲೂ ಅಪರೂಪ.

ಇಲ್ಲಿ ಅಂಕಿಗಳ ಅಂದಾಜು ಸಿಕ್ಕರೆ ಈ ಮೋಟಾರಿನ ಸ್ವಭಾವ ಅರ್ಥವಾಗುತ್ತದೆ. ಒಣಗಾಳಿಯಲ್ಲಿ ಒಂದು ಸೆಂ.ಮೀ. ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು, ಒಂದು ಮಿ.ಮೀ.ಗೆ ಸುಮಾರು 3,000. ಅಂದರೆ ಪೈಪು ಉಜ್ಜಿದ ಕೈ ನಿರಾಯಾಸವಾಗಿ ಸಾವಿರಾರು ವೋಲ್ಟ್‌ಗಳ ಜೊತೆ ಕೆಲಸ ಮಾಡುತ್ತಿದೆ. ಆದರೆ ಪ್ರವಾಹ ಅತ್ಯಲ್ಪ. 10,000 ವೋಲ್ಟ್‌ನಲ್ಲಿ ಒಂದು ಮೈಕ್ರೋಆಂಪಿಯರಿನ ಹತ್ತನೇ ಒಂದು ಭಾಗ ಹರಿದರೂ ಒಟ್ಟು ಸಾಮರ್ಥ್ಯ ಒಂದು ಮಿಲಿವ್ಯಾಟ್ ಅಷ್ಟೇ. ಹೀಗಾಗಿ ಈ ಮೋಟಾರಿನ ಶತ್ರು ಸೋರಿಕೆ. ಮನೆಯ ವೈರಿಂಗಿನಲ್ಲಿ ನಿರೋಧಕ ಎನಿಸಿಕೊಂಡ ಮರ, ಕಾಗದ, ದಾರ, ಬೆವರಿನ ಗುರುತು ಬಿದ್ದ ಪ್ಲಾಸ್ಟಿಕ್ ಎಲ್ಲವೂ ಇಷ್ಟು ಎತ್ತರದ ವೋಲ್ಟೇಜಿಗೆ ತೆರೆದ ಬಾಗಿಲುಗಳೇ. ಎರಡೂ ಬಾಟಲಿಗಳನ್ನು ಥರ್ಮಾಕೋಲ್ ತುಂಡಿನ ಮೇಲೆ ನಿಲ್ಲಿಸಿದರೆ ಅರ್ಧ ಸೋರಿಕೆ ನಿಂತಂತೆ. ತಂತಿ ಬಳಸಿದರೆ ಅದು ಮೇಜಿಗೆ ತಾಗದೆ ಗಾಳಿಯಲ್ಲೇ ಹೋಗಲಿ. ಎಲ್ಲೆಲ್ಲಿ ಚೂಪು ಮೂಲೆಯಿದೆಯೋ ಅಲ್ಲೆಲ್ಲ ಆವೇಶ ಗಾಳಿಗೆ ಸೋರುತ್ತದೆ, ಹಾಗಾಗಿ ಕುಂಚದ ಹಲ್ಲುಗಳನ್ನು ಬಿಟ್ಟು ಮಿಕ್ಕೆಲ್ಲವೂ ಗುಂಡಗಿರಬೇಕು.

ಎಲ್ಲಕ್ಕಿಂತ ದೊಡ್ಡ ಸೋರಿಕೆ ತೇವದ್ದು. ಗಾಳಿಯಲ್ಲಿ ತೇವ ಹೆಚ್ಚಿದಾಗ ಪ್ಲಾಸ್ಟಿಕ್, ಗಾಜುಗಳ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ, ಅದು ಆವೇಶವನ್ನು ಹರಿಸಿಬಿಡುತ್ತದೆ. ಕಲಬುರಗಿ, ವಿಜಯಪುರ, ಬಳ್ಳಾರಿಯ ಕಡೆ ಫೆಬ್ರುವರಿ, ಮಾರ್ಚ್ ತಿಂಗಳ ಮಧ್ಯಾಹ್ನ ಸರಾಗವಾಗಿ ತಿರುಗುವ ಕಪ್ಪು ಜುಲೈನಲ್ಲಿ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಅಲುಗಾಡದೆ ಕೂರಬಹುದು. ಕಟ್ಟಿದವರ ಕೈಯಲ್ಲಿ ದೋಷವಿಲ್ಲ, ಹವೆಯೇ ಹಾಗೆ. ಕರಾವಳಿಯವರು ಕಪ್ಪು, ಬಾಟಲಿ, ಪೈಪು, ಬಟ್ಟೆ ಎಲ್ಲವನ್ನೂ ಬಿಸಿಲಿನಲ್ಲಿ ಬೆಚ್ಚಗಾಗಿಸಿ, ಅಥವಾ ಹೇರ್ ಡ್ರೈಯರಿನಿಂದ ಕಾಯಿಸಿ, ಬಿಸಿ ಆರುವ ಮೊದಲೇ ಪ್ರಯೋಗ ಮಾಡಿದರೆ ಫಲ ಸಿಗುತ್ತದೆ. ಮೇಲಿನ ಫ್ಯಾನು ಆರಿಸಿರಬೇಕು. ತಿರುಗಿಸಿದ್ದು ಗಾಳಿಯೋ ವಿದ್ಯುತ್ತೋ ಎಂಬ ಅನುಮಾನ ಆಗಲೇ ಪರಿಹಾರವಾಗುವುದು.

ಎಲ್ಲ ಸರಿಯಿದ್ದೂ ಕಪ್ಪು ಒಂದೇ ಬಾಟಲಿಗೆ ಅಂಟಿಕೊಂಡು ನಿಂತರೆ ಕಪ್ಪಿನ ಪ್ಲಾಸ್ಟಿಕ್ ಮೈಗೇ ಆವೇಶ ಹತ್ತಿದೆ ಎಂದರ್ಥ. ಬಾಯಿಂದ ಬಿಸಿಯುಸಿರು ಬಿಟ್ಟು, ಅಥವಾ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಗಿಸಿದರೆ ಹೋಗುತ್ತದೆ. ಕಿಡಿಗಳು ಜೋರಾಗಿ ಹಾರಿದರೂ ಕಪ್ಪು ತಿರುಗದಿದ್ದರೆ ಕುಂಚ ತೀರಾ ಹತ್ತಿರವಿದೆ. ಸದ್ದೇ ಇಲ್ಲದಿದ್ದರೆ ತೀರಾ ದೂರವಿದೆ. ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಹಲ್ಲುಗಳ ತುದಿಯಲ್ಲಿ ನೇರಳೆ ಬೆಳಕಿನ ಚುಕ್ಕೆಗಳು ಕಾಣಬಹುದು. ಅದು ಕೊರೋನಾ ವಿಸರ್ಜನೆ. ಅನಪೇಕ್ಷಿತ ಮೂಲೆಯಲ್ಲಿ ಆ ಬೆಳಕು ಕಂಡರೆ ಸೋರಿಕೆಯ ಜಾಗವೂ ಗೊತ್ತಾದಂತೆ.

ಅಪಾಯದ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈಯಿಂದ ಉಜ್ಜಿದ ಪೈಪಿನ ಆಘಾತ ಚುರ್ ಎನ್ನುವುದಷ್ಟೇ, ಏಕೆಂದರೆ ಬಾಟಲಿಯ ಫಾಯಿಲ್ ಹಿಡಿದಿಡುವ ಆವೇಶ ಕಡಿಮೆ. ಅದರ ಧಾರಣಶಕ್ತಿ ಹತ್ತು ಪಿಕೋಫ್ಯಾರಡ್ ಎಂದುಕೊಂಡರೆ 10,000 ವೋಲ್ಟ್‌ನಲ್ಲಿ ಸಂಗ್ರಹವಾಗುವ ಶಕ್ತಿ ಅರ್ಧ ಮಿಲಿಜೂಲ್. ಮನುಷ್ಯನಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಪೆಟ್ರೋಲ್ ಆವಿ, ಅಡುಗೆ ಅನಿಲಗಳನ್ನು ಹೊತ್ತಿಸಲು ಇದಕ್ಕಿಂತ ಕಡಿಮೆ ಶಕ್ತಿಯೂ ಸಾಕು. ಆದ್ದರಿಂದ ಅಡುಗೆಮನೆ, ಗ್ಯಾಸ್ ಸಿಲಿಂಡರ್, ಸ್ಪಿರಿಟ್, ಥಿನ್ನರ್‌ಗಳ ಹತ್ತಿರ ಈ ಪ್ರಯೋಗ ಸಲ್ಲದು. ಪೇಸ್‌ಮೇಕರ್ ಹಾಕಿಸಿಕೊಂಡವರು ದೂರವಿರಬೇಕು, ಮೊಬೈಲು, ಕಂಪ್ಯೂಟರುಗಳನ್ನೂ ದೂರವಿಡಬೇಕು. ಹೆಚ್ಚು ಆವೇಶ ಸಿಗಲೆಂದು ಲೇಡನ್ ಜಾಡಿಯನ್ನೋ ಕೆಪಾಸಿಟರನ್ನೋ ಸೇರಿಸುವ ಆಸೆ ಬರುತ್ತದೆ. ಸೇರಿಸಕೂಡದು, ಶಕ್ತಿ ನೂರು ಪಟ್ಟು ಏರುವುದು ಅಲ್ಲೇ. ಸೊಳ್ಳೆ ಬ್ಯಾಟು ಬಿಚ್ಚಿ ಅದರ ಸರ್ಕ್ಯೂಟ್ ಬಳಸುವುದು, ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ಹಿಂಬದಿ ತೆರೆಯುವುದು, ಅರ್ತಿಂಗ್‌ಗೆಂದು ಪ್ಲಗ್ಗಿನ ಮೂರನೇ ತೂತಿಗೆ ತಂತಿ ತೂರಿಸುವುದು, ಈ ಮೂರೂ ಜೀವಕ್ಕೆ ಅಪಾಯ. ಸ್ಥಾಯಿ ವಿದ್ಯುತ್ತು ಹುಟ್ಟಿಸುವ ಕಾಲೇಜಿನ ವಿಮ್‌ಶರ್ಸ್ಟ್ ಯಂತ್ರ ಅಥವಾ ವ್ಯಾನ್ ಡಿ ಗ್ರಾಫ್ ಜನರೇಟರಿಗೆ ಈ ಮೋಟಾರನ್ನು ಜೋಡಿಸುವುದಾದರೆ ಅಧ್ಯಾಪಕರು ಎದುರಿಗಿರಬೇಕು. ಆಗ ಬಲ ಬಾಟಲಿಯನ್ನು ಯಾರೂ ಮುಟ್ಟಿಕೊಂಡಿರಬಾರದು, ಅದನ್ನು ಯಂತ್ರದ ಇನ್ನೊಂದು ತುದಿಗೆ ತಂತಿಯಿಂದಲೇ ಜೋಡಿಸಬೇಕು.

ಇಷ್ಟು ದುರ್ಬಲ ಮೋಟಾರಿನಿಂದ ಏನು ಉಪಯೋಗ ಎಂದು ಕೇಳುವವರಿಗೆ ಇಪ್ಪತ್ತನೇ ಶತಮಾನ ಎರಡು ಉತ್ತರ ಕೊಟ್ಟಿದೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಓಲೆಗ್ ಯೆಫಿಮೆಂಕೊ 1970ರ ದಶಕದಲ್ಲಿ ಈ ಮರೆತ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡರು. ತಿಳಿಯಾದ ದಿನಗಳಲ್ಲೂ ನೆಲದಿಂದ ಮೇಲಕ್ಕೆ ಹೋದಂತೆ ಪ್ರತಿ ಮೀಟರಿಗೆ ಸುಮಾರು 100 ವೋಲ್ಟ್ ಏರುವ ವಿದ್ಯುತ್ ಕ್ಷೇತ್ರ ವಾತಾವರಣದಲ್ಲಿ ಇರುತ್ತದೆ. ಎತ್ತರದ ಆಂಟೆನಾದಿಂದ ಆ ವಿದ್ಯುತ್ತನ್ನು ಇಳಿಸಿ ಅವರು ಮೋಟಾರು ತಿರುಗಿಸಿ ತೋರಿಸಿದರು, ಇಂಥ ಮೋಟಾರುಗಳ ಬಗ್ಗೆಯೇ 1973ರಲ್ಲಿ ಪುಸ್ತಕ ಬರೆದರು. ಮನೆಯ ಚಾವಣಿಯ ಮೇಲೆ ಇದನ್ನು ಅನುಕರಿಸಬಾರದು, ಎತ್ತರದ ತಂತಿ ಸಿಡಿಲನ್ನು ಕರೆಯುತ್ತದೆ.

ಎರಡನೆಯ ಉತ್ತರ ಸೂಕ್ಷ್ಮ ಜಗತ್ತಿನದು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಿಲಿಕಾನ್ ಮೇಲೆ ಕೆತ್ತಿ ಮಾಡಿದ, ತಲೆಗೂದಲಿನ ದಪ್ಪದ ಆಸುಪಾಸಿನ ರೋಟರ್ ಇದೇ ಸ್ಥಾಯಿ ವಿದ್ಯುತ್ತಿನ ಬಲದಿಂದ ತಿರುಗಿತು. ಅಷ್ಟು ಚಿಕ್ಕ ಅಳತೆಯಲ್ಲಿ ತಾಮ್ರದ ಸುರುಳಿ ಸುತ್ತುವುದೇ ಕಷ್ಟ. ಮೈಕ್ರಾನ್ ಅಂತರದ ಗಾಳಿಯಾದರೋ ಕಿಡಿ ಹಾರಿಸದೆ ಬಹಳ ಪ್ರಬಲವಾದ ವಿದ್ಯುತ್ ಕ್ಷೇತ್ರವನ್ನು ತಾಳಿಕೊಳ್ಳುತ್ತದೆ. ಹಾಗಾಗಿ ದೊಡ್ಡದರಲ್ಲಿ ಸೋತ ಈ ಬಲ ಚಿಕ್ಕದರಲ್ಲಿ ಗೆಲ್ಲುತ್ತದೆ. ಚಿತ್ರಮಂದಿರದ ಎಷ್ಟೋ ಡಿಜಿಟಲ್ ಪ್ರೊಜೆಕ್ಟರುಗಳಲ್ಲಿ ಲಕ್ಷಾಂತರ ಪುಟ್ಟ ಕನ್ನಡಿಗಳು ಪರದೆಯ ಮೇಲೆ ಬೆಳಕು ಬಿತ್ತಲು ಆಚೀಚೆ ವಾಲುವುದು ಸ್ಥಾಯಿ ವಿದ್ಯುತ್ತಿನ ಸೆಳೆತದಿಂದಲೇ.

ಒಮ್ಮೆ ಕಪ್ಪು ತಿರುಗಿದ ಮೇಲೆ ನಿಜವಾದ ಪ್ರಯೋಗಗಳು ಶುರುವಾಗುತ್ತವೆ, ವಿಜ್ಞಾನ ಮೇಳಕ್ಕೆ ಸಿದ್ಧವಾಗುವ ಮಕ್ಕಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಒಂದೇ ಅಳತೆಯ ಕಪ್ಪುಗಳಿಗೆ 4, 8, 12 ಪಟ್ಟಿ ಅಂಟಿಸಿ, ಪೈಪಿನ ಒಂದು ಎಳೆತಕ್ಕೆ ಯಾವುದು ಎಷ್ಟು ಸುತ್ತು ಹಾಕುತ್ತದೆ ಎಂದು ಬರೆದಿಡಬಹುದು. ಒಂದು ಪಟ್ಟಿಗೆ ಕಪ್ಪು ಚುಕ್ಕೆ ಇಟ್ಟು ಮೊಬೈಲಿನ ನಿಧಾನಗತಿ ವಿಡಿಯೋದಲ್ಲಿ ದೂರದಿಂದ ಚಿತ್ರಿಸಿದರೆ ಎಣಿಕೆ ಸುಲಭ. ಪಿವಿಸಿಗೆ ಬದಲು ಅಕ್ರಿಲಿಕ್ ಪೈಪು, ಉಣ್ಣೆಗೆ ಬದಲು ರೇಷ್ಮೆ, ಹತ್ತಿ, ಪಾಲಿಥೀನ್ ಹಾಳೆ ಬಳಸಿ ನೋಡಿದರೆ ಯಾವ ಜೋಡಿ ಹೆಚ್ಚು ಆವೇಶ ಕೊಡುತ್ತದೆ ಎಂಬ ಪಟ್ಟಿಯೇ ಸಿದ್ಧವಾಗುತ್ತದೆ. ಪ್ರತಿ ಅಳತೆಯ ಪಕ್ಕದಲ್ಲಿ ಆ ಹೊತ್ತಿನ ಆರ್ದ್ರತೆಯನ್ನೂ ಬರೆಯಬೇಕು, ಅದಿಲ್ಲದೆ ಬೆಳಗಿನ ಅಂಕಿಯನ್ನು ಮಧ್ಯಾಹ್ನದ ಅಂಕಿಯೊಡನೆ ಹೋಲಿಸುವುದು ತಪ್ಪಾಗುತ್ತದೆ.

ಮೋಟಾರು ಬಿಚ್ಚುವ ಮುನ್ನ ಎರಡು ಬಾಟಲಿಗಳ ಫಾಯಿಲನ್ನೂ ಪ್ಲಾಸ್ಟಿಕ್ ಹಿಡಿಯ ಒಂದು ತಂತಿಯಿಂದ ಒಟ್ಟಿಗೆ ಮುಟ್ಟಿಸಿ ಉಳಿದ ಆವೇಶ ಖಾಲಿ ಮಾಡಬೇಕು. ರೋಟರ್ ಕಪ್ಪನ್ನು ಅಂಚಿನಲ್ಲಷ್ಟೇ ಹಿಡಿದು, ಸಿಲಿಕಾ ಜೆಲ್‌ನ ಒಂದು ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಮಳೆಗಾಲ ಕಳೆದ ಮೇಲೂ ಅದೇ ಕಪ್ಪು ಕೆಲಸಕ್ಕೆ ಬರುತ್ತದೆ.